ಕಿಡಿಯ ಹಗ್ಗ

ವೆಲ್ಡಿಂಗ್ ಅಂಗಡಿಯಲ್ಲಿ ಅಂಟಿಕೊಂಡ ಹೆಸರು ಕಣ್ಣು ಹೋದಮೇಲೂ ಅವನನ್ನು ಬಿಡಲಿಲ್ಲ. ಓಣಿಗೆಲ್ಲ ಅವನು ಕಿಡಿ. ಕೈಯ ಕೆಲಸ ಹಾಗೇ, ಸಿಟ್ಟೂ ಹಾಗೇ, ಬಾಯಿಯ ವಿಷಯವಂತೂ ಕೇಳಲೇಬೇಡಿ. ಯಾರೋ ತಂದಿಟ್ಟ ಹಳೆಯ ಎಣ್ಣೆ ಡ್ರಮ್ಮನ್ನು, ‘ತೊಳೆದಿದೆ’ ಎಂಬ ಮಾತು ನಂಬಿ ಒಂದು ದಿನ ಕತ್ತರಿಸಲು ಕೂತ. ಒಳಗೆ ಉಳಿದಿದ್ದ ಆವಿ ಹೊತ್ತಿಕೊಂಡು ಡ್ರಮ್ಮು ಮುಖಕ್ಕೇ ಸಿಡಿಯಿತು. ಜೀವ ಉಳಿಯಿತು, ಕಣ್ಣು ಎರಡೂ ಹೋದವು. ಅಂಗಡಿ ಮಾಲೀಕ ಆಸ್ಪತ್ರೆಗೆ ಒಮ್ಮೆ ಬಂದು ಹೋದವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಹೆಣ್ಣು ಕೊಡುತ್ತೇವೆಂದು ಓಡಾಡುತ್ತಿದ್ದವರೂ ಅಷ್ಟೇ. ಕೊನೆಗೆ ಉಳಿದವಳು ಅಕ್ಕ ಒಬ್ಬಳೇ.

ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಕಿಡಿ ಆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದ, ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅಳತೆ ಕೊಡಲು ಬಂದ ಹೆಂಗಸರು ಅವನ ಎದುರಿಗೇ, ‘ಪಾಪ, ಊಟ ತಾನೇ ಮಾಡ್ತಾನಾ? ಸ್ನಾನ ಯಾರು ಮಾಡಿಸ್ತಾರೆ?’ ಎಂದು ಅಕ್ಕನನ್ನು ವಿಚಾರಿಸುತ್ತಿದ್ದರು. ಕಣ್ಣಿನ ಜೊತೆಗೆ ಕಿವಿಯೂ ಹೋಗಿರಬೇಕೆಂದು ಅವರ ಲೆಕ್ಕ. ಕಿಡಿ ಮೊದಮೊದಲು ಉರಿದುಬೀಳುತ್ತಿದ್ದ. ಗಿರಾಕಿ ಕಡಿಮೆಯಾದರೆಂದು ಅಕ್ಕ ಬೇಡಿಕೊಂಡ ಮೇಲೆ ಬಾಯಿಗೆ ಬೀಗ ಹಾಕಿಕೊಂಡ. ಕಿಡಿಯಂಥ ಮನುಷ್ಯ ಸುಮ್ಮನಾಗುವುದೆಂದರೆ ಅದು ಅರ್ಧ ಸತ್ತ ಹಾಗೆ.

ಅಂಥ ಹೊತ್ತಿನಲ್ಲಿ ರೇಡಿಯೋದಲ್ಲಿ ಒಂದು ಮಾತು ಕಿವಿಗೆ ಬಿತ್ತು. ಅಂಗವಿಕಲರು ಹೊಸದಾಗಿ ಬೇಸಾಯ ಶುರುಮಾಡಿದರೆ ಸಹಾಯಧನ ಉಂಟಂತೆ. ಮನೆಯ ಹಿಂದೆ ಅಪ್ಪ ಬಿಟ್ಟುಹೋದ ಸಣ್ಣ ಜಾಗ, ಮೂಲೆಯ ಬಾವಿ ಸಮೇತ, ಕಳೆ ತುಂಬಿಕೊಂಡು ಬಿದ್ದಿತ್ತು. ಕಿಡಿ ಅಕ್ಕನನ್ನು ಬೆನ್ನುಹತ್ತಿ ಕಚೇರಿಗೆ ಕರೆದುಕೊಂಡು ಹೋದ. ಹಣ ಎರಡು ಕಂತಿನಲ್ಲಿ ಬರುತ್ತದೆ, ಮೊದಲನೆಯದು ಬೇಲಿಗೆ, ಗೊಬ್ಬರಕ್ಕೆ, ನೀರಿನ ತೊಟ್ಟಿಗೆ. ಬೆಳೆ ಬಂದಮೇಲೆ ಅಧಿಕಾರಿ ಬಂದು ನೋಡುತ್ತಾರೆ, ಅರ್ಜಿ ಹಾಕಿದವನೇ ಕೈಯಾರೆ ದುಡಿಯುತ್ತಿದ್ದಾನೆ ಎಂದು ಖಾತ್ರಿಯಾದರೆ ಎರಡನೆಯದು. ಅದರಲ್ಲಿ ಪಂಪು ಬರುತ್ತದೆ, ಜೊತೆಗೆ ‘ರೈತ’ ಎಂದು ಬರೆದ ಒಂದು ಕಾರ್ಡು. ಪಂಪಿಗಿಂತ ಹೆಚ್ಚಾಗಿ ಕಿಡಿಯ ಜೀವ ಆ ಕಾರ್ಡಿನ ಮೇಲಿತ್ತು. ‘ಪಾಪ’ ಎಂದು ಕೇಳಿ ಕೇಳಿ ಅವನ ಕಿವಿ ರೋಸಿಹೋಗಿತ್ತು.

ಬೇಸಾಯ ಗೊತ್ತಿರಲಿಲ್ಲ, ಅಂಗಡಿಯಲ್ಲಿ ದಾರ ಹಿಡಿದು ಅಳೆದ ಕೈಗೆ ಹಗ್ಗ ಗೊತ್ತಿತ್ತು. ಸಾಲುಸಾಲಿಗೆ ಗೂಟ ಹೊಡೆದು ಸೊಂಟದೆತ್ತರಕ್ಕೆ ಹಗ್ಗ ಎಳೆದ. ಟೊಮೆಟೊ ಸಾಲಿನ ಮೊದಲಿಗೆ ಒಂದು ಗಂಟು, ಬದನೆಗೆ ಎರಡು, ಮೆಣಸಿನ ಗಿಡಕ್ಕೆ ಮೂರು. ನೀರಿನ ನಲ್ಲಿ ಬಂದಲ್ಲಿ ಅಕ್ಕನ ಚೀಲದಿಂದ ತೆಗೆದ ಬಟ್ಟೆ ಚೂರು. ನೆಲದ ಮೇಲೆ ಇನ್ನೊಂದು ದಾರ, ಮೊಳಕ್ಕೊಂದು ಗಂಟು. ಗಂಟಿನ ಬಳಿ ಇರುವುದು ಗಿಡ, ನಡುವೆ ಇರುವುದೆಲ್ಲ ಕಳೆ. ಗಂಟು ಒಂದು ಬೆರಳು ಆಚೀಚೆ ಆದರೂ ಬಿಚ್ಚಿ ಮತ್ತೆ ಹಾಕುತ್ತಿದ್ದ. ಹಳೇ ಹಗ್ಗ, ಬಣ್ಣಬಣ್ಣದ ಚಿಂದಿ, ಸೊಟ್ಟ ಗೂಟ ಎಲ್ಲ ಸೇರಿ ಹೊಲ ನೋಡಲು ಬಟ್ಟೆ ಒಣಹಾಕಿದ ಅಂಗಳದಂತಿತ್ತು. ಆದರೂ ಅದರೊಳಗೆ ಕಿಡಿ ಸರಾಗವಾಗಿ ಓಡಾಡುತ್ತಿದ್ದ. ಬದನೆ ಹೂ ಬಿಟ್ಟಿತು, ಟೊಮೆಟೊ ಕಾಯಿ ಕಟ್ಟಿತು, ಅವನ ಬಾಯಿಯೂ ಮರಳಿ ಬಂತು.

ಆ ಬಾಯಿಯೇ ಕೈಕೊಟ್ಟದ್ದು. ಬೇಲಿಯಾಚೆ ನಿಂತು, ‘ಏನಪ್ಪ, ಹಗ್ಗ ಬಿಟ್ರೆ ಬಾವಿಗೆ ಬೀಳ್ತೀಯ’ ಎಂದು ನಗುತ್ತಿದ್ದ ಪಕ್ಕದ ಮನೆಯವರಿಗೆ ಅವನು ಜಂಬ ಕೊಚ್ಚುತ್ತಿದ್ದ.

“ಹಗ್ಗ ಯಾರಿಗ್ರೀ ಬೇಕು? ಅದೆಲ್ಲ ಶುರುನಲ್ಲಿ. ಈಗ ನನ್ನ ಕಾಲಿಗೇ ದಾರಿ ಗೊತ್ತು. ಕಣ್ಮುಚ್ಕೊಂಡು ಕೆಲ್ಸ ಮಾಡ್ತೀನಿ ನೋಡಿ!”

ಎಲ್ಲರೂ ನಗುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತ ಅಕ್ಕ ಮಾತ್ರ ಅದನ್ನು ಅಕ್ಷರಕ್ಕಕ್ಷರ ನಂಬಿದಳು. ತಮ್ಮನ ಮಾತು ನಂಬುವುದರಲ್ಲಿ ಅವಳಷ್ಟು ಪೆದ್ದಿ ಇನ್ನೊಬ್ಬಳಿರಲಿಲ್ಲ.

ಅಧಿಕಾರಿ ಬರುವ ಹಿಂದಿನ ದಿನ ಕಿಡಿ ನೀಟಾಗಿ ಕಾಣಬೇಕೆಂದು ಕ್ಷೌರಕ್ಕೆ ಹೋದ. ಅಕ್ಕ ಹೊಲದ ತುದಿಯಲ್ಲಿ ನಿಂತು ನೋಡಿದಳು. ಚಿಂದಿಯೇ ಮೊದಲು ಕಣ್ಣಿಗೆ ಬಿತ್ತು. ಬಂದವರು ಮೊದಲು ಬೆಳೆ ನೋಡಬೇಕು, ಕುರುಡನನ್ನಲ್ಲ. ಹಗ್ಗ ಬಿಚ್ಚಿದಳು, ಗೂಟ ಕಿತ್ತಳು, ನೆಲದ ದಾರ ಸುತ್ತಿದಳು, ಎಲ್ಲವನ್ನೂ ಸ್ನಾನದ ನೀರಿನ ಒಲೆಗೆ ಹಾಕಿದಳು. ದಾರಿ ಗುಡಿಸಿದಳು. ಹೊಲ ಅಚ್ಚುಕಟ್ಟಾಗಿ ಹೊಳೆಯಿತು. ತಮ್ಮನಿಗೆ ಹೇಳಲಿಲ್ಲ, ಅಧಿಕಾರಿಯೇ ಹೊಗಳಿದಾಗ ಕೇಳಿ ಖುಷಿಪಡಲಿ ಎಂದುಕೊಂಡಳು. ಕ್ಷೌರ ಮುಗಿಸಿ ಬಂದವನೂ ಮೈಗೆ ಮಣ್ಣಾಗುತ್ತದೆಂದು ಅಧಿಕಾರಿ ಬರುವ ತನಕ ಹೊಲಕ್ಕೆ ಇಳಿಯಲಿಲ್ಲ.

ಅಧಿಕಾರಿ ಮಧ್ಯವಯಸ್ಸಿನ ಹೆಂಗಸು, ಕೆಟ್ಟವರಲ್ಲ. ಆದರೆ ಅವರ ಕಣ್ಣಿಗೆ ಮಣ್ಣೆರಚಿದವರು ಎಷ್ಟೋ ಮಂದಿ. ಹಾಸಿಗೆ ಹಿಡಿದ ಚಿಕ್ಕಪ್ಪನ ಹೆಸರಲ್ಲಿ ಹಣ ಎತ್ತಿ ಬೈಕು ಕೊಂಡವನನ್ನೂ ಅವರು ನೋಡಿದ್ದರು.

“ಹೊಲ ತುಂಬಾ ಚೆನ್ನಾಗಿಟ್ಟಿದ್ದೀರಿ,” ಎಂದರು. ಅಕ್ಕನ ಮುಖ ಅರಳಿತು. “ಸ್ವಲ್ಪ ಕೆಲಸ ಮಾಡಿ ತೋರಿಸ್ತೀರಾ, ಯಜಮಾನರೇ? ಮೆಣಸಿನ ಸಾಲಲ್ಲಿ ಒಂದಿಷ್ಟು ಕಳೆ ಕೀಳಿ.”

“ಅದೇನ್ ಮಹಾ, ಮೇಡಂ!”

ಕಿಡಿ ಠೀವಿಯಿಂದ ಕೈ ಚಾಚಿದ. ಕೈ ಗಾಳಿಗೆ ಹೋಯಿತು. ಮೊದಲ ಗೂಟ ವಾಲಿರಬೇಕು ಎಂದುಕೊಂಡು ಮುಂದಿನದನ್ನು ಹುಡುಕಿದ. ಅದೂ ಇಲ್ಲ. ಅಲ್ಲೇ ನಿಂತು ‘ಹಗ್ಗ ಎಲ್ಲಿ?’ ಎಂದು ಕೇಳಿದ್ದರೆ ಆಗುತ್ತಿತ್ತೇನೋ. ಆದರೆ ಬೇಲಿಯಾಚೆ ಪಕ್ಕದ ಮನೆಯವರ ಪಿಸುಮಾತು ಕೇಳುತ್ತಿತ್ತು, ಅವರೆದುರು ಜಂಬ ಕೊಚ್ಚಿದವನು ಈಗ ಹಗ್ಗ ಕೇಳುವುದು ಹೇಗೆ? ಕಾಲನ್ನೇ ನಂಬಿ ನಡೆದ. ಗುಡಿಸಿದ ನೆಲದಲ್ಲಿ ಕಾಲಿಗೂ ಯಾವ ಗುರುತು ಸಿಗಲಿಲ್ಲ. ಟೊಮೆಟೊ ಸಾಲಿಗೆ ನುಗ್ಗಿ ಕಾಯಿ ತುಳಿದ. ತಿರುಗಿದ, ದಿಕ್ಕು ತಪ್ಪಿತು. ಬೆವರುತ್ತ, ಹೇಗೋ ಮೆಣಸಿನ ಸಾಲಿಗೆ ತಲುಪಿ ಮಂಡಿಯೂರಿ ದಾರ ತಡಕಿದ. ಸಿಗದಿದ್ದಾಗ ಅಂದಾಜಿನ ಮೇಲೆ ಕಿತ್ತ. ಒಂದು, ಇನ್ನೊಂದು, ಮತ್ತೊಂದು.

“ಲೋ, ಬೇಡ ಕಣೋ! ಅದು ಗಿಡ!” ಅಕ್ಕ ಕೂಗಿದಳು.

ಕಿಡಿ ಕೈಯಲ್ಲಿದ್ದುದನ್ನು ಮೂಗಿಗೆ ಹಿಡಿದ. ಮೆಣಸಿನ ಎಲೆಯ ವಾಸನೆ.

“ಹಗ್ಗ ಎಲ್ಲಿ ಅಕ್ಕಾ?” ಎಂದು ಕೇಳಿದ, ಮೆಲ್ಲಗೆ.

ಅಕ್ಕ ಅಳುತ್ತ ಎಲ್ಲ ಹೇಳಿದಳು. ಹಗ್ಗವಿತ್ತು, ಗಂಟಿತ್ತು, ತಾನೇ ಬಿಚ್ಚಿದ್ದು, ತಾನೇ ಸುಟ್ಟದ್ದು, ಬೆಳೆದದ್ದೆಲ್ಲ ಅವನೇ, ದೇವರಾಣೆ ಅವನೇ. ಹೇಳಿದಷ್ಟೂ ಅದು ಕಟ್ಟುಕತೆಯಂತೆ ಕೇಳಿಸಿತು.

“ನಾಳೆ ಬನ್ನಿ ಮೇಡಂ. ಹಗ್ಗ ಕಟ್ಕೊಂಡು ತೋರಿಸ್ತೀನಿ,” ಎಂದ ಕಿಡಿ.

“ಹಗ್ಗ ಹಿಡ್ಕೊಂಡು ಬೇಸಾಯ ಆಗುತ್ತಾ ಅಪ್ಪಾ?” ಅಧಿಕಾರಿಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಬರೀ ಆಯಾಸವಿತ್ತು. ಅಕ್ಕನ ಕಡೆ ತಿರುಗಿ, “ಹಣ ನಿಲ್ಲಿಸಲ್ಲಮ್ಮ, ಹೆದರಬೇಡಿ. ನೋಡಿಕೊಳ್ಳೋರ ಹೆಸರಿಗೆ ಮಾಡಿಸೋಕೆ ಅವಕಾಶ ಇದೆ, ನಿಮ್ಮ ಹೆಸರಿಗೇ ಬರೀತೀನಿ. ಬೆಳೆ ನೋಡಿದ್ರೆ ಗೊತ್ತಾಗುತ್ತೆ ನಿಮ್ಮ ಕಷ್ಟ. ಆದ್ರೆ ಇವರನ್ನ ಹೀಗೆ ಬಿಸಿಲಿಗೆ ಬಿಡಬೇಡಿ, ಪಾಪ,” ಎಂದರು.

ಹಳೇ ಕಿಡಿಯಾಗಿದ್ದರೆ ಊರು ಒಂದು ಮಾಡುತ್ತಿದ್ದ. ಇವನು ಕಿತ್ತ ಗಿಡವನ್ನು ಮುಷ್ಟಿಯಲ್ಲಿ ಹಿಡಿದು ಮಂಡಿಯೂರಿಯೇ ಇದ್ದ.

ಹಣ ಬಂತು. ಪಂಪೂ ಬಂತು. ಕಾರ್ಡಿನ ಮೇಲೆ ಅಕ್ಕನ ಹೆಸರು. ಬೇಡವೆನ್ನೋಣವೆಂದರೆ ಮನೆಯ ಸ್ಥಿತಿ ಹಾಗಿರಲಿಲ್ಲ. ಅಕ್ಕ ಹೊಸ ನೈಲಾನ್ ಹಗ್ಗ ತಂದು ನೆನಪಿದ್ದಂತೆ ಹೊಲದ ತುಂಬ ಕಟ್ಟಿದಳು, ಒಂದು, ಎರಡು, ಮೂರು ಗಂಟು ಹಾಕಿದಳು. “ಬಾರೋ, ಒಂದ್ಸಲ ಹಿಡಿದು ನೋಡು” ಎಂದು ಗೋಗರೆದಳು. “ನಿನ್ನ ಹೊಲ ಅಲ್ವಾ ಅಕ್ಕ, ನೀನೇ ನೋಡ್ಕೋ” ಎಂದ. ಹಂಗಿಸಿ ಹೇಳಿದ್ದರೆ ಅವಳು ತಡೆದುಕೊಳ್ಳಬಹುದಿತ್ತು. ಅವನು ಇದ್ದದ್ದನ್ನು ಹೇಳಿದ ಹಾಗೆ ಹೇಳಿದ. ಕೂಲಿಯವನೊಬ್ಬ ಬರತೊಡಗಿದ, ಓಡಾಡಲು ಅಡ್ಡ ಎಂದು ಆ ಹಗ್ಗವನ್ನೂ ಬಿಚ್ಚಿಟ್ಟ.

ಕಿಡಿ ಮತ್ತೆ ಸ್ಟೂಲಿಗೆ ಬಂದ. ಅಳತೆ ಕೊಡಲು ಬಂದವರು ಕೇಳುವುದನ್ನು ಕೇಳುತ್ತಿದ್ದರು. ಹುಟ್ಟಿ ಬೆಳೆದ ಮನೆಯಲ್ಲಿ ಯಾವತ್ತೂ ತಡವರಿಸದವನು ಈಗ ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಿದ್ದ, ಚೊಂಬು ಎಡವುತ್ತಿದ್ದ. ಅವತ್ತು ದಾರಿ ತಪ್ಪಿದ ಕಾಲಿನ ಮೇಲೆ ಅವನಿಗೆ ಮತ್ತೆ ನಂಬಿಕೆ ಬರಲಿಲ್ಲ.

ಒಂದು ಸಂಜೆ ಅವನೇ ಬಾಯಿ ಬಿಟ್ಟ.

“ಅಕ್ಕ, ಒಂದು ಹಗ್ಗ ಕಟ್ತೀಯಾ?”

ಅಕ್ಕ ಹೊಲಿಗೆ ಬಿಟ್ಟು ದಡಬಡಿಸಿ ಎದ್ದಳು. ಅವಳ ಕಣ್ಣಲ್ಲಿ ನೀರೇ ಬಂತು. “ಈಗ್ಲೇ ಕಟ್ತೀನಿ ಕಣೋ. ಟೊಮೆಟೊ ಸಾಲಿಗಾ?”

“ಅಲ್ಲ. ನನ್ನ ಮಂಚದಿಂದ ಬಚ್ಚಲಿಗೆ.”

ಅಕ್ಕ ಮಂಚದ ಕಾಲಿನಿಂದ ಬಚ್ಚಲ ಬಾಗಿಲಿನ ಚಿಲಕದವರೆಗೆ ಹಗ್ಗ ಎಳೆದು ಬಿಗಿದಳು.

“ಗಂಟು ಎಲ್ಲೆಲ್ಲಿ ಹಾಕ್ಲಿ?”

“ಎಲ್ಲಾದ್ರೂ ಹಾಕಕ್ಕಾ,” ಎಂದ ಕಿಡಿ.