ಅರ್ಧ ಪುಟದ ಹಟ

ನನ್ನನ್ನು ಹಟಮಾರಿ ಎಂದು ಕರೆದವರು ಒಬ್ಬಿಬ್ಬರಲ್ಲ. ತವರಿನವರು ಕರೆದಿದ್ದಾರೆ, ಗಂಡನ ಮನೆಯವರು ಕರೆದಿದ್ದಾರೆ, ನನ್ನಿಂದ ಪಾಠ ಹೇಳಿಸಿಕೊಂಡ ಮಕ್ಕಳು ಬೆನ್ನ ಹಿಂದೆ ಕರೆದಿದ್ದಾರೆ. ಈಗ ಆ ಸಾಲಿಗೆ ನಮ್ಮ ಬೀಜ ಬಳಗದ ಅಧ್ಯಕ್ಷರೂ ಸೇರಿದ್ದಾರೆ. ಜಗಳ ಯಾತಕ್ಕೆಂದು ಹೇಳಿದರೆ ನೀವು ನಗುತ್ತೀರಿ. ಅರ್ಧ ಪುಟ ಕಾಗದಕ್ಕೆ. ಅದೂ ಏನೂ ಅಚ್ಚಾಗದ, ಬರೀ ಬಿಳಿ ಕಾಗದಕ್ಕೆ.

ನಮ್ಮ ಬಳಗವೆಂದರೆ ಕಳಸಾಪುರದಿಂದ ಸಿಂಗಟಾಲೂರಿನ ತನಕ ಹಳೆಯ ತಳಿಯ ಬೀಜ ಕಾಪಿಟ್ಟು, ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಹೆಂಗಸರದು. ಅಧ್ಯಕ್ಷರು ಮಾತ್ರ ಗಂಡಸರು, ಗದಗಿನ ಕಾಳಿನ ವ್ಯಾಪಾರಿ. ಅದು ಹೇಗಾಯಿತೆಂದು ಯಾರಿಗೂ ನೆನಪಿಲ್ಲ. ತಿಂಗಳಿಗೊಂದು ನಾಲ್ಕು ಪುಟದ ಪತ್ರಿಕೆ ತರುತ್ತೇವೆ. ನಿವೃತ್ತಳಾಗಿ ಮನೆಯಲ್ಲಿ ಎಲ್ಲರ ತಪ್ಪು ತಿದ್ದುತ್ತ ಕುಳಿತಿದ್ದ ನನಗೆ ಸಂಪಾದಕಿಯ ಪಟ್ಟ ಕಟ್ಟಿದರು. ಮನೆಯವರು ನೆಮ್ಮದಿಯ ನಿಟ್ಟುಸಿರುಬಿಟ್ಟರು. ಬೆಟಗೇರಿಯ ಡಿಟಿಪಿ ಅಂಗಡಿಯಲ್ಲಿ ರೇಣುಕಾ ಎಂಬ ಚುರುಕಿನ ಹೆಣ್ಣುಮಗಳು ಪುಟ ಜೋಡಿಸುತ್ತಾಳೆ. ಹಳ್ಳಿಗಳಿಗೆ ಅಚ್ಚಿನ ಪ್ರತಿ ಬಸ್ಸಿನಲ್ಲಿ ಹೋಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನೌಕರಿಯವರಿಗೆ ಇಮೇಲಿನಲ್ಲಿ.

ಹಳ್ಳಿಗೆ ಹೋದ ಪ್ರತಿಯನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸುತ್ತಾರೆ. ಜೋಳ ಬೀಸಿಸಲು ಸರದಿಯಲ್ಲಿ ಕಾಯುವವರಿಗೆ ಓದಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾಲ್ಕನೆಯ ಪುಟದ ಕೆಳಗಿನ ಅರ್ಧ ಖಾಲಿ ಇರುತ್ತದೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಯಾರ ಮನೆಯಲ್ಲಿ ಯಾವ ಬೀಜ ಇದೆ, ಯಾರಿಗೆ ಯಾವುದು ಬೇಕು ಎಂದು ಅವರೇ ಬರೆಯುತ್ತಾರೆ. ‘ಗುರೆಳ್ಳು ಐತಿ, ಬೇಕಾದವರು ಬರ್ರಿ’ ಎಂಬುದರ ಕೆಳಗೆ ‘ನಾಳೆ ಬರತೇನಿ, ಚಾ ಇಡ್ರಿ’ ಎಂದು ಇನ್ನೊಬ್ಬರ ಕೈಬರಹ. ಬಳಗದ ನಿಜವಾದ ವ್ಯವಹಾರವೆಲ್ಲ ನಡೆಯುವುದು ಅಲ್ಲಿ. ಮಿಕ್ಕ ಮೂರೂವರೆ ಪುಟ ಅದಕ್ಕೆ ಪೀಠಿಕೆ ಎಂದರೂ ತಪ್ಪಿಲ್ಲ.

ಆದರೆ ಖಾಲಿ ಜಾಗವನ್ನು ನಮ್ಮ ಜನ ಸಹಿಸುವುದಿಲ್ಲ ನೋಡಿ. ರೇಣುಕಾ ಮೊದಲ ದಿನವೇ ಕೇಳಿದ್ದಳು: “ಅಕ್ಕೋರ, ಕೆಳಗ ಜಾಗ ಉಳದೈತ್ರಿ. ಒಂದು ದೀಪದ ಚಿತ್ರ ಇಡ್ಲೇನ್ರಿ?” ಬೇಡವೆಂದೆ. ಇಮೇಲಿನಲ್ಲಿ ಓದಿದ ಶಿರಹಟ್ಟಿಯ ಸದಸ್ಯರೊಬ್ಬರು ನಾಲ್ಕನೆಯ ಪುಟ ಅರ್ಧವೇ ಬಂದಿದೆ, ದಯವಿಟ್ಟು ಮತ್ತೆ ಕಳಿಸಿ ಎಂದು ಬರೆದರು. ವಿವರಿಸಲು ಬೇಸರವಾಗಿ ಅದನ್ನೇ ಮತ್ತೆ ಕಳಿಸಿದೆ. ಈಗ ಸರಿಯಾಗಿ ಬಂತು, ಧನ್ಯವಾದ ಎಂದು ಉತ್ತರ ಬಂತು.

ಹಿಂದಿನವರಿಗೆ ಖಾಲಿಯ ಬೆಲೆ ಗೊತ್ತಿತ್ತು. ತಾಳೆಗರಿಯಲ್ಲಿ ಬರೆಯುವವನು ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟೇ ಬರೆಯುತ್ತಿದ್ದ, ಎಂಥ ಮಹಾಕಾವ್ಯವಾದರೂ ಅಲ್ಲಿ ಬಳಸಿಕೊಂಡೇ ಹೋಗಬೇಕು. ಶಾಸನ ಕೆತ್ತುವವನು ನೆಲದಲ್ಲಿ ಹೂಳಲು ಕಲ್ಲಿನ ಬುಡ ಬಿಡುತ್ತಿದ್ದ. ಅಷ್ಟು ದೂರ ಯಾಕೆ, ಮದುವೆಯ ಕರೆಯೋಲೆಯ ಮೇಲೆ ಕರೆಸಿಕೊಳ್ಳುವವರ ಹೆಸರಿಗೆಂದು ಜಾಗ ಬಿಡುವುದಿಲ್ಲವೆ? ಅಲ್ಲಿಯೂ ಬೀಗರ ಫೋಟೋ ತುಂಬಿದರೆ ಕರೆಯುವುದು ಯಾರನ್ನು?

ಇಷ್ಟೆಲ್ಲ ಪಾಂಡಿತ್ಯವಿದ್ದೂ ನಾನು ಮಾಡಿದ ಎಡವಟ್ಟು ಕೇಳಿ. ಹೋದ ತಿಂಗಳು ಪ್ರೆಸ್ಸಿನವರು ತಾವಾಗಿ ಹೂಬಳ್ಳಿ ಗೀಬಳ್ಳಿ ತುಂಬಿಯಾರೆಂದು ಹೆದರಿ, ಆ ಜಾಗದಲ್ಲಿ ‘ಇಲ್ಲಿ ಏನೂ ಹಾಕಬೇಡಿ’ ಎಂದು ರೇಣುಕಾಳಿಂದ ದಪ್ಪಕ್ಷರದಲ್ಲಿ ಟೈಪು ಮಾಡಿಸಿದೆ. ಪ್ರೆಸ್ಸಿನವರಿಗೆಂದು ಬರೆದ ಮಾತು. ಅವರು ಅದನ್ನು ಶ್ರದ್ಧೆಯಿಂದ ಹಾಗೆಯೇ ಅಚ್ಚು ಹಾಕಿ, ಊರೂರಿಗೆ ಕಳಿಸಿಬಿಟ್ಟರು. ನಮ್ಮ ಹೆಂಗಸರು ಹೇಳಿದ ಮಾತು ಕೇಳುವವರು. ಆ ತಿಂಗಳು ಒಂದೇ ಒಂದು ಗಿರಣಿಯಲ್ಲೂ ಯಾರೂ ಒಂದು ಅಕ್ಷರ ಬರೆಯಲಿಲ್ಲ. ಬಿತ್ತನೆ ಹತ್ತಿರ ಬಂದಿತ್ತು, ಯಾರ ಬೀಜ ಯಾರಿಗೂ ತಲುಪಲಿಲ್ಲ. ನನಗೆ ಅಳುವೇ ಬಂತು.

ಅಧ್ಯಕ್ಷರಿಗೆ ಇದು ಬಯಸಿದ ಭಾಗ್ಯವಾಯಿತು. ಸಭೆಯಲ್ಲಿ ಪತ್ರಿಕೆಯನ್ನು ಎತ್ತಿ ತೋರಿಸಿದರು.

“ನೋಡ್ರಿ ಅಕ್ಕೋರ, ಯಾರೂ ಏನೂ ಬರದಿಲ್ಲ. ಸುಮ್ನ ಜಾಗ ದಂಡ. ಇನ್ನ ಮುಂದ ಅಲ್ಲೆ ಅಧ್ಯಕ್ಷರ ಸಂದೇಶ ಅಂತ ಹಾಕೂಣು. ಒಂದು ಸಣ್ಣ ಫೋಟೋನೂ ಇರಲಿ.”

“ತಪ್ಪು ನಂದ್ರಿ,” ಎಂದೆ. “ಜಾಗದ್ದಲ್ಲ.”

“ಬಿಳೀ ಕಾಗದ ಕಳಿಸಿದ್ರ ಜನ ನಗತಾರ್ರಿ.”

“ನಗಲಿ ಬಿಡ್ರಿ. ಇದೊಂದು ಸಂಚಿಕಿ ಖಾಲಿ ಹೋಗತೈತಿ. ಆಗೂ ಯಾರೂ ಬರೀಲಿಲ್ಲಂದ್ರ ನಿಮ್ಮ ಫೋಟೋನೂ ಹಾಕ್ರಿ, ಬ್ಯಾರೆ ಸಂಪಾದಕರನ್ನೂ ಹುಡುಕ್ರಿ.”

ನಿಜ ಹೇಳಬೇಕೆಂದರೆ ಸಂಪಾದಕಿ ಎನಿಸಿಕೊಳ್ಳುವುದು ನನಗೆ ಬಹಳ ಇಷ್ಟ. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಮರುದಿನ ರೇಣುಕಾಳ ಪಕ್ಕ ಕುಳಿತು ಆ ಅರ್ಧ ಪುಟದಿಂದ ಪ್ರತಿಯೊಂದು ಗೆರೆಯನ್ನೂ ಅಳಿಸಿಸಿದೆ. ನಂತರ ಪ್ರೆಸ್ಸಿಗೆ ಹೋಗಿ ಮೊದಲ ಹಾಳೆ ಹೊರಬರುವ ತನಕ ಯಂತ್ರದ ಪಕ್ಕದಲ್ಲೇ ನಿಂತೆ. “ಅಕ್ಕೋರ, ಕುಂಡ್ರಿ,” ಎಂದರು ಪ್ರೆಸ್ಸಿನವರು. ಕೂರಲಿಲ್ಲ. ಇಮೇಲಿಗೆ ಮಾತ್ರ ಒಂದು ಸಾಲು ಸೇರಿಸಿದೆ: ಪುಟ ಪೂರ್ತಿ ಬಂದಿದೆ, ಖಾಲಿ ಜಾಗ ನಿಮ್ಮದು.

ಎರಡು ವಾರ ಬಿಟ್ಟು ಕಳಸಾಪುರಕ್ಕೆ ಹೋದೆ. ಗಿರಣಿಯ ಬಾಗಿಲಲ್ಲಿ ಕಾಲು ಮುಂದಿಡಲು ಅಂಜಿಕೆ. ಒಳಗೆ ನೋಡಿದರೆ ಅರ್ಧ ಪುಟ ಕಿಕ್ಕಿರಿದಿತ್ತು. ಅಗಸಿ, ಮಡಕಿ ಕಾಳು, ಕುಸುಬಿ, ಬಿಳಿಜೋಳ; ಜೊತೆಗೆ ಕಳೆದುಹೋದ ಹುಂಜವೊಂದರ ವಿಚಾರಣೆ. ಜಾಗ ಸಾಲದೆ ಬರಹ ಅಂಚಿಗೆ ಹತ್ತಿ, ಪುಟದ ಮೇಲಿನ ಅರ್ಧದಲ್ಲಿ ನಾನು ದಿನಗಟ್ಟಲೆ ತಿದ್ದಿ ತೀಡಿ ಬರೆದ ಸಂಪಾದಕೀಯದ ಸಾಲುಗಳ ನಡುವೆ ನುಗ್ಗಿತ್ತು. ಹಿಗ್ಗಿನಿಂದ ಒಂದೊಂದೇ ಸಾಲು ಓದತೊಡಗಿದೆ. ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದ ಫಕೀರವ್ವ, ನಮ್ಮ ಬಳಗದ ಹಿರಿಯಳು, ಹತ್ತಿರ ಬಂದಳು.

“ಅಕ್ಕೋರ, ಜಾಗ ಸಾಲವಲ್ದ್ರಿ. ಮ್ಯಾಲ ಅದೇನೋ ಉದ್ದಕ ಅಚ್ಚ ಹಾಕಿಸಿರಲ್ಲ, ಅದನ್ನ ಯಾರೂ ಓದೂದಿಲ್ರಿ. ಅದನ್ನ ತಗಸ್ರಿ.”

ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಕುಟುಕುತ್ತಿತ್ತು. ಓದುವುದಿಲ್ಲವಂತೆ! ಅಧ್ಯಕ್ಷರು ಸಂದೇಶಕ್ಕೆ ಜಾಗ ಕೇಳಿದಾಗ ನನಗೆ ಬಂದಿದ್ದ ಸಿಟ್ಟು ಈಗ ಅವರ ಪರವಾಗಿ ಬರತೊಡಗಿತ್ತು. ಪಾಪ, ಅವರು ಕೇಳಿದ್ದೂ ಅರ್ಧ ಪುಟವೇ.

ಮರುದಿನ ಬೆಳಿಗ್ಗೆ ರೇಣುಕಾಳ ಅಂಗಡಿಗೆ ಹೋಗಿ, ಈ ಸಲ ನಾಲ್ಕನೆಯ ಪುಟ ಪೂರ್ತಿ ಖಾಲಿ ಬಿಡು ಎಂದೆ.

“ಮತ್ತ ನಿಮ್ಮ ಲೇಖನ ಎಲ್ಲೆ ಇಡಲಿರಿ?”

“ಇಮೇಲಿನ್ಯಾಗ ಇಡು,” ಎಂದೆ. “ಅಲ್ಲೆ ಯಾರ ಕೈಯಾಗೂ ಪೆನ್ನ ಇರೂದಿಲ್ಲ.”