ಶಾಕೊನ ಬುರುಡೆ ಹೊತ್ತು ಬಂದವಳು

ಜರ್ಮನರಿಗೂ ಇಂಗ್ಲಿಷರಿಗೂ ಕಾದಾಟ ನಡೆದಿದ್ದ ಕಾಲ. ಗಡಿ ದಾಟಿ ಬಂದ ಜರ್ಮನರು ಕಸಿಗಾವ್ ಬೆಟ್ಟದ ಇಂಗ್ಲಿಷ್ ಠಾಣೆಯನ್ನು ಹೊಡೆದಿದ್ದರು. ದಾರಿ ತೋರಿಸಿದವರು ಬೆಟ್ಟದವರೇ ಎಂದು ಸರ್ಕಾರಕ್ಕೆ ಗುಮಾನಿ. ಆ ಬೆಟ್ಟದೂರಿನ ಹೆಂಗಸು ವಲೆಗ್ವಳ ಗಂಡ ಶಾಕೊ. ಅವನ ಅಣ್ಣ ಮ್ವಾಂಡೊ ಬಿಳಿಯರ ದುಭಾಷಿ. ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದ.

“ಎಲ್ರೂ ಕೆಳಗಿಳೀರಿ. ದೊರೆ ತಲೆ ಎಣಿಸ್ತಾನಂತೆ, ಅಷ್ಟೇ.”

“ಕಾಳು ಬೇಯೋಕಿಟ್ಟಿದೀನಿ, ಭಾವ.”

“ಬೇಯಲಿ ಬಿಡು ತಂಗಿ. ಅದು ಮೆತ್ತಗಾಗೋದ್ರೊಳಗೆ ವಾಪಸ್ ಬಂದಿರ್ತೀಯ.”

ವಲೆಗ್ವ ಗಡಿಗೆ ಇಳಿಸದೆ, ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು ಶಾಕೊನ ಹಿಂದೆ ಇಳಿದಳು. ಬುಡದಲ್ಲಿ ಬಂದೂಕಿನವರು ಸುತ್ತುಗಟ್ಟಿದರು. ತಿರುಗಿ ನೋಡಿದರೆ ಊರು ಉರಿಯುತ್ತಿತ್ತು. ಮ್ವಾಂಡೊ ದೊರೆಯ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ.

ಇಡೀ ಬೆಟ್ಟದ ಜನರನ್ನು ಕಡಲ ದಂಡೆಯ ಮಾಲಿಂದಿಗೆ ಅಟ್ಟಿದರು. “ನಮ್ಮ ಹಿರೀಕರು ಆ ದಿಕ್ಕಿಂದ್ಲೇ ಓಡಿಬಂದು ಬೆಟ್ಟ ಸೇರಿದೋರು,” ಎಂದು ಮುದುಕಿಯೊಬ್ಬಳು ದಾರಿಯಲ್ಲಿ ನಕ್ಕಳು. “ಬಿಟ್ಟುಬಂದ ಸೌಟು ತರೋಕೆ ಕಳಿಸ್ತಿದಾರೇನೋ!” ಅವಳು ಹದಿನೈದೇ ದಿನದಲ್ಲಿ ತೀರಿಕೊಂಡಳು. ಬೆಟ್ಟದ ತಂಪಿನಲ್ಲಿ ಬೆಳೆದವರನ್ನು ಅಲ್ಲಿಯ ಚಳಿಜ್ವರ ಹುಲ್ಲು ಕೊಯ್ದಂತೆ ಕೊಯ್ದಿತು. ವಲೆಗ್ವಳ ಮಕ್ಕಳಿಬ್ಬರೂ ಹೋದರು. ಆಮೇಲೆ ಶಾಕೊ ಮಲಗಿದ.

“ನನ್ನ ಇಲ್ಲೇ ಬಿಡಬೇಡ ಕಣೇ. ಅಪ್ಪನ ಪಕ್ಕ ಇಡ್ಸು.”

ತಾಯಿತರು ಎಂಬ ಈ ಬೆಟ್ಟದ ಜನರಲ್ಲಿ ಸತ್ತವರ ಬುರುಡೆ ವಂಶದ ಗವಿಯಲ್ಲಿ ಹಿರಿಯರ ಸಾಲು ಸೇರಬೇಕು. ಅವನು ಸತ್ತು ವರ್ಷ ತುಂಬಿದ ಮೇಲೆ ವಲೆಗ್ವ ಹೂತಲ್ಲಿ ಕೈಯಾರೆ ಮರಳು ಬಗೆದಳು. ಚಿಕ್ಕವರ ಗುರುತು ಸಿಗಲಿಲ್ಲ. ಗಂಡನದು ಮುರಿದ ಮುಂಬಲ್ಲಿನಿಂದ ತಿಳಿಯಿತು. ಬುರುಡೆಯನ್ನು ಬುಟ್ಟಿಯಲ್ಲಿಟ್ಟು ಬಾಳೆಪಟ್ಟೆ ಮುಚ್ಚಿದಳು.

ಮುಂದೆ ಉಳಿದವರನ್ನು ದಾವಿದ ಎಂಬ ಬೆಟ್ಟಗಳ ಬುಡಕ್ಕೆ ತಂದು ಬಿಟ್ಟರು. ಅಲ್ಲಿಯವರೂ ತಾಯಿತರೇ; ನೆಂಟರ ನೆಲ, ನೆಂಟರ ನೀರು. ಅಲ್ಲಿ ಒಬ್ಬ ಹೆಂಗಸು ಹೊಲದ ಕಳೆ ಕೀಳುವಾಗ ಸುಮ್ಮನೆ ಅಂದಳು: “ನಿಮ್ಮ ಮ್ವಾಂಡೊನ ಹೆಂಡ್ತಿ ನಮ್ಮೂರ ಮಗಳೇ ಅಲ್ವಾ. ಬೆಂಕಿ ಹಚ್ಚೋ ಹಿಂದಿನ ದಿನವೇ ಮಕ್ಕಳ ಜೊತೆ ತವರಿಗೆ ಬಂದಿದ್ಲು. ಬೀಸುಕಲ್ಲನ್ನೂ ಬಿಟ್ಟಿರಲಿಲ್ಲ.”

ವಲೆಗ್ವ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. ಸಾಲು ಮುಗಿದ ಮೇಲೆ ನೋಡಿದರೆ ಕಳೆಯ ಜೊತೆ ಬೆಳೆಯನ್ನೂ ಕಿತ್ತಿದ್ದಳು.

ಬೆಟ್ಟ ಬಿಟ್ಟ ಇಪ್ಪತ್ತು ವರ್ಷದ ಮೇಲೆ ಬೆಟ್ಟಕ್ಕೆ ಮರಳಲು ಅಪ್ಪಣೆಯಾಯಿತು. ಅವಳಿಗಿಂತ ಮೊದಲೇ ಬಂದ ಮ್ವಾಂಡೊ ಗುಡಿಸಲು ಹಾಕಿಕೊಂಡಿದ್ದ. ಶಾಕೊನ ವಂಶದ ಹಿರಿಯ ಗಂಡಸರಲ್ಲಿ ಉಳಿದವನು ಅವನೊಬ್ಬನೇ. ಗವಿಯಲ್ಲಿ ಬುರುಡೆ ಇಡಲು ವಂಶದ ಹಿರಿಯ ಗಂಡಸೇ ಬೇಕು.

“ಅವರು ಹೀಗೆ ಮಾಡ್ತಾರೆ ಅಂತ ನನಗೂ ಗೊತ್ತಿರಲಿಲ್ಲ, ತಂಗಿ,” ಅಂದ ಅವನು.

“ಬೀಸುಕಲ್ಲಿಗೆ ಗೊತ್ತಿತ್ತಲ್ಲ, ಭಾವ!”

“ಬಾಯಿಬಿಟ್ಟಿದ್ರೆ ನನ್ನ ಗುಂಡಿಕ್ಕಿ ಕೊಲ್ತಿದ್ರು,” ಎಂದ.

“ತಮ್ಮನ ಕಿವಿಗೆ ಹೇಳೋಕೆ ಬಾಯಿ ಬಿಡಬೇಕಿತ್ತಾ? ಕಣ್ಸನ್ನೆ ಮಾಡಿದ್ರೆ ಸಾಕಿತ್ತು.”

ಬುಟ್ಟಿಯನ್ನು ಅವನ ಕೈಗೆ ಕೊಡುವುದೋ, ವಾಪಸ್ ಒಯ್ಯುವುದೋ ಎಂದು ಅವಳು ಯೋಚಿಸಿದಳು. ಕೊಟ್ಟಳು. ಅಪ್ಪನ ಪಕ್ಕ ಸೇರಲು ಶಾಕೊನಿಗೆ ಬೇರೆ ದಾರಿಯಿರಲಿಲ್ಲ. ಮ್ವಾಂಡೊ ಬುಟ್ಟಿ ಹಿಡಿದು ಗವಿಯ ಬಂಡೆ ಹತ್ತಿದ. ಅವಳು ಕೆಳಗೆ ಬಿಸಿಲಲ್ಲಿ ನಿಂತು, ಅವನು ಬರಿಗೈಲಿ ಇಳಿಯುವುದನ್ನು ನೋಡಿಯೇ ಹೊರಟಳು.

ಬೆಟ್ಟದ ಇನ್ನೊಂದು ಮಗ್ಗುಲಿನ ಬುಂಗುಲೆ ಎಂಬ ಊರಲ್ಲಿ ಮನೆ ಕಟ್ಟಿದಳು. ಅವನು ಕಳಿಸಿದ ಮೇಕೆಯನ್ನು ಹಗ್ಗದ ಸಮೇತ ವಾಪಸು ಅಟ್ಟಿದಳು. ಅವನ ಮನೆಯ ನೀರು ಮುಟ್ಟಲಿಲ್ಲ. ಹನ್ನೊಂದು ವರ್ಷದ ಮೇಲೆ ಮ್ವಾಂಡೊ ಸತ್ತಾಗ, ಉಳಿದ ಹೆಂಗಸರ ಜೊತೆ ಹೋಗಿ ಅಂಗಳದಲ್ಲಿ ಕೂತಳು. ಅಳಲಿಲ್ಲ.