ಫುಕಟ್ ಲಿನಕ್ಸ್, ರೊಕ್ಕದ ಒರಿಜಿನಲ್

ಗೆಳೆಯರ, ಇವತ್ತ ಮುಂಜಾನೆ ನಿಪ್ಪಾಣಿಗೆ ಕಾಕಾನ ಮನಿಗೆ ಹೋಗಿದ್ದೆ. ಹೋದ ತಿಂಗಳ ಅವರ ಕಂಪ್ಯೂಟರಿಗೆ ವೈರಸ್ ಹತ್ತಿದಾಗ, ಇಡೀ ರವಿವಾರ ಕುಂತು ಫೋಟೋ ಎಲ್ಲಾ ಉಳಿಸಿ, ವಿಂಡೋಸ್ ತಗದು, ರೊಕ್ಕಾ ಕೊಡದ ಸಿಗೂ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಇವತ್ತ ನೋಡಿದ್ರ ಮತ್ತ ಹಳೇ ವಿಂಡೋಸ್.

"ಲಿನಕ್ಸ್ ಏನಾತ್ರಿ ಕಾಕಾ?"

"ಛಲೋ ನಡೀತಿತ್ತಪಾ. ಆದ್ರ ನೀ ಫುಕಟ್ ಅಂದಿ, ನನಗ ಅಂಜಿಕಿ ಬಂತು. ಮೂವತ್ತ ವರ್ಷ ತಂಬಾಕಿನ ವಖಾರಿಯೊಳಗ ದುಡದೀನಿ. ಅಲ್ಲಿ ಫುಕಟ್ ಸಿಗೂದು ಧೂಳ ಒಂದ. ಅದಕ್ಕ ಕಂಪ್ಯೂಟರ್ ಅಂಗಡ್ಯಾಂವಗ ರೊಕ್ಕಾ ಕೊಟ್ಟು ಒರಿಜಿನಲ್ ಹಾಕಿಸಿದೆ."

ತೋರಿಸಿದ್ರು. ಬಿಳಿ ಸಿಡಿ, ಮ್ಯಾಲೆ ಸ್ಕೆಚ್ ಪೆನ್ನಿಲೆ 'ಒರಿಜಿನಲ್' ಅಂತ ಬರದಿತ್ತು.

ಲಿನಕ್ಸ್ ಮಾಡಿದವರ ಅದನ್ನ ಎಲ್ಲಾರಿಗೂ ಹಂಚ್ರಿ ಅಂದಾರ, ಇದು ಕದ್ದ ಮಾಲು ಅಂತ ತಿಳಿಸಿ ಹೇಳಿದೆ.

"ಕದ್ದದ್ದಾದ್ರ ಅವ ರೊಕ್ಕಾ ಯಾಕ ತಗೋತಿದ್ದ?" ಅಂದ್ರು. ಆಮ್ಯಾಲೆ, "ಅದಿರ್ಲಿ, ಮುಂದಿನ ವಾರ ನಿಮ್ಮ ಅಜ್ಜಿ ವರ್ಷದ ಕಾರ್ಯ ಐತಿ. ಕಂಪ್ಯೂಟರನ್ಯಾಗಿಂದು ಅಕಿ ಫೋಟೋ ತಗದ ಕೊಡು, ದೊಡ್ಡದ ಮಾಡಿಸಿ ಗ್ವಾಡಿಗೆ ಹಾಕೂಣು."

ಹುಡುಕಿದೆ. ಅಂಗಡ್ಯಾಂವ ಒರಿಜಿನಲ್ ಹಾಕೂ ಮುಂದ ಡಿಸ್ಕ್ ಪೂರಾ ಅಳಿಸಿದ್ದ. ಅಜ್ಜಿ ಜೀವಮಾನದಾಗ ಒಮ್ಮೆ ಅಷ್ಟ ಕ್ಯಾಮೆರಾ ಮುಂದ ಕುಂತಿದ್ಲು. ನಾ ಉಳಿಸಿದ್ದ ಆ ಫೋಟೋ ಇದ್ದದ್ದು ಆ ಡಿಸ್ಕಿನ್ಯಾಗ ಅಷ್ಟ, ಬ್ಯಾರೆ ಎಲ್ಲೂ ಇಲ್ಲ. ಕಾಕಾಗ ಹೇಳದ ಕಂಪ್ಯೂಟರ್ ಬಂದ್ ಮಾಡಿದೆ.

ಅವರು ಆ ಸಿಡಿ ಧೋತರದ ಚುಂಗಿಲೆ ಒರಸಿ, ತಿಜೋರಿಯೊಳಗಿಟ್ಟು ಕೀಲಿ ಹಾಕಿದ್ರು. "ಜ್ವಾಕಿಲೆ ಇಡಬೇಕಪಾ. ಒಮ್ಮೆ ಕಳಕೊಂಡ್ರ ಮತ್ತ ಸಿಗೂದಿಲ್ಲ."

ಹೌದ್ರಿ ಕಾಕಾ, ಸಿಗೂದಿಲ್ಲ.